ಒಣಗಿದ ಮೇಲೆ ಕೆಂಪಾಗುವುದು

ಕರ್, ಕರ್ ಎಂಬ ಸಣ್ಣ ಸದ್ದು. ಯಾರೋ ಉಗುರಿನಿಂದ ಮಣ್ಣಿನ ಕುಂಡ ಕೆರೆಯುತ್ತಿರುವಂತೆ.

ರಾತ್ರಿ ಬಹಳ ಹೊತ್ತಾಗಿತ್ತು. ವೇದಾ ಹಾಸಿಗೆಯಲ್ಲಿ ಎದ್ದು ಕುಳಿತಳು. ಕಡೆಯ ಟ್ಯೂಬ್ ರೈಲು ಹೋದ ಮೇಲೆ ಲಂಡನ್ನಿನ ಎಜ್‌ವೇರ್‌ನ ಆ ಬೀದಿಯಲ್ಲಿ ಸದ್ದೇ ಇರುವುದಿಲ್ಲ. ಇದ್ದರೆ ಕಳ್ಳನದೇ ಎಂದುಕೊಂಡಳು. ಮೊಬೈಲ್ ಹಿಡಿದು ಹಿಂಬಾಗಿಲ ಗಾಜಿನಲ್ಲಿ ಇಣುಕಿದರೆ, ಹಿತ್ತಲಲ್ಲಿ ಟಾರ್ಚ್ ಹಿಡಿದ ಗಂಡಸು. ಪೊಲೀಸರ ನಂಬರ್ ಒತ್ತುತ್ತಿದ್ದಳು, ಅಷ್ಟರಲ್ಲಿ ಅವನು ಬೇಲಿಯ ಕಡೆ ತಿರುಗಿ ಬೈದ.

"ಏ ನರಿಯಪ್ಪಾ, ಇಡೀ ಲಂಡನ್‌ನಾಗ ನಿನಗ ನನ್ನ ಕುಂಡಾನ ಸಿಕ್ತೇನೋ? ನಡಿಯೋ ಮಾರಾಯಾ!"

ವೇದಾಳ ಬೆರಳು ನಿಂತಿತು. ಬಾಗಿಲನ್ನು ಒಂದು ಗೇಣು ತೆರೆದಳು.

"ಕನ್ನಡದವರಾ?"

ಅವನು ಬೆಚ್ಚಿಬಿದ್ದು ಟಾರ್ಚನ್ನು ತನ್ನ ಮುಖಕ್ಕೇ ಹಿಡಿದುಕೊಂಡ. "ಅಯ್ಯಯ್ಯ! ನರಿಗೆ ಬೈದಿದ್ರೀ, ನಿಮಗಲ್ಲ."

ಹೋದ ವಾರ ಮೇಲಿನ ಫ್ಲ್ಯಾಟಿಗೆ ಬಂದವನು ಅವನೇ. ನಿತೀಶ, ಹುಬ್ಬಳ್ಳಿಯವನು, ಸಿಟಿಯ ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಕೆಲಸ. ಅವಳು ಮೈಸೂರಿನವಳು, ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್, ನಲವತ್ತು ದಾಟಿದವಳು, ಒಂಟಿ. ಮೇಲೆ ಕೆಳಗೆ ಎರಡು ಮನೆ, ಒಂದೇ ಹಿತ್ತಲು.

ಮರುದಿನದಿಂದ ಸಂಜೆಗಳು ಬದಲಾದವು. ಕೆಲಸದಿಂದ ಬಂದವನೇ ನಿತೀಶ ಅವಳ ಹಿಂಬಾಗಿಲು ತಟ್ಟುತ್ತಿದ್ದ. "ಬರ್ರಿ, ನಮ್ಮ ಮಕ್ಕಳು ಎದ್ದಾರೇನು ನೋಡೋಣು." ಮಕ್ಕಳೆಂದರೆ ಕುಂಡದೊಳಗಿನ ಗೆಡ್ಡೆಗಳು. ಭಾನುವಾರದ ಸಂತೆಯಲ್ಲಿ ಮಾರುವವನು 'ಆಟಮ್ ಕ್ರೋಕಸ್' ಅಂದನಂತೆ. ಕ್ರೋಕಸ್ ಎಂದರೆ ಕೇಸರಿಯೇ ಎಂದು ಇವನು ತೀರ್ಮಾನಿಸಿಬಿಟ್ಟಿದ್ದ.

"ಗೂಗಲ್‌ನಲ್ಲಿ ನೋಡಿದ್ರಾ?"

"ದಿನಾ ಸ್ಕ್ರೀನ್ ನೋಡಿ ಸಾಕಾಗೇತ್ರಿ. ಮಣ್ಣಿನ ವಿಷಯಾನೂ ಅದಕ್ಕ ಕೇಳಬೇಕೇನು?" ಆಮೇಲೆ ದನಿ ತಗ್ಗಿಸಿ ಹೇಳಿದ, "ಹೂ ಬಂದ ಮ್ಯಾಲೆ ಒಬ್ಬರಿಗೆ ಕೇಸರಿ ಹಾಲು ಕುಡಿಸಬೇಕ್ರಿ."

"ಯಾರಿಗೆ?"

ಅವನು ತಲೆ ಎತ್ತಿ ಅವಳನ್ನು ನೋಡಿದ. ಹುಬ್ಬಿನ ಮೇಲೆ ಮಣ್ಣು ಮೆತ್ತಿತ್ತು. ಏನೋ ಹೇಳಲು ಹೊರಟ ತುಟಿ ನಗುವಿಗೆ ತಿರುಗಿತು. "ಮೊದಲ ಹೂ ಬರಲಿ."

ಆ ನೋಟವನ್ನು ಅವಳು ಜೋಪಾನ ಮಾಡಿದಳು. ಆಸ್ಪತ್ರೆಯಲ್ಲಿ ಮಾತ್ರೆ ಎಣಿಸುವಾಗ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಎಣಿಸುವಂತಾಯಿತು. ಅವನಿಗೆ ಹೆಂಡತಿ ಇದ್ದಾಳೆ, ಹೋದ ವರ್ಷ ಬಿಟ್ಟು ಹೋಗಿ ಲಂಡನ್ನಿನ ಇನ್ನೊಂದು ತುದಿಯ ಇಲ್ಫರ್ಡ್‌ನಲ್ಲಿ ಅಕ್ಕನ ಜೊತೆ ಇದ್ದಾಳೆ ಎಂಬುದು ಗೊತ್ತಿತ್ತು. "ನಿನ್ನ ಕೈಯಾಗ ಏನೂ ಉಳಿಯಂಗಿಲ್ಲ ಅಂದು ಹೋದ್ಲ್ರಿ ಧೃತಿ," ಎಂದು ಒಮ್ಮೆ ಹೇಳಿ ನಕ್ಕಿದ್ದ. ಆ ಮಾತು ಮುಗಿದುಹೋದದ್ದೆಂದು ವೇದಾ ಅಂದುಕೊಂಡಿದ್ದಳು. ಹಾಗೆ ಅಂದುಕೊಳ್ಳುವುದು ಅವಳಿಗೆ ಬೇಕಿತ್ತು.

ಅಕ್ಟೋಬರಿನಲ್ಲಿ ಹೂ ಬಂತು. ಎಲೆಯೇ ಇಲ್ಲದೆ, ಮಣ್ಣಿನಿಂದ ನೇರ ಎದ್ದ ತಿಳಿಗುಲಾಬಿ ಹೂಗಳು. ವೇದಾ ಕುಕ್ಕರುಗಾಲಲ್ಲಿ ಕುಳಿತು ಒಂದರೊಳಗೆ ಇಣುಕಿದಳು. ಹಳದಿ ಎಳೆಗಳು ಆರು. ಕೇಸರಿ ಹೂವಿನಲ್ಲಿ ಇರಬೇಕಾದದ್ದು ಮೂರು.

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಇದು ಕ್ರೋಕಸ್ ಜಾತಿಯದೇ ಅಲ್ಲ, ಹೆಸರು ಮಾತ್ರ ಹಾಗೆ. ಕೀಲುವಾತದ ಮಾತ್ರೆಯ ಮದ್ದು ಈ ಗಿಡದ್ದೇ. ಅಳತೆ ತಪ್ಪಿದರೆ ಪ್ರಾಣ ಹೋಗುತ್ತದೆ.

ಮೂಲೆಯ ಕುಂಡದಲ್ಲಿ ಮಾತ್ರ ಒಂದು ಹೂ ಬೇರೆಯಾಗಿತ್ತು. ಕಡುನೇರಳೆ, ಹುಲ್ಲಿನಂಥ ಎಲೆ, ಹೊರಕ್ಕೆ ಜೋತುಬಿದ್ದ ಮೂರು ಕೆಂಪು ಎಳೆ. ಹೇಗೋ ಬೆರೆತು ಬಂದ ನಿಜವಾದ ಕೇಸರಿ ಅದೊಂದೇ.

"ಅದೊಂದು ಕಲಬೆರಕೆ ಬಂದೈತ್ರಿ," ಎಂದು ನಿತೀಶ ಅದನ್ನೇ ಕಿತ್ತು ಅವಳಿಗೆ ಕೊಟ್ಟ. "ತಗೋರಿ, ಮುಡಕೋರಿ. ಕೇಸರಿ ಇವುಗಳಾಗ ಐತಿ." ಗುಲಾಬಿ ಹೂಗಳ ಹಳದಿ ಎಳೆಗಳನ್ನು ಬಿಡಿಸತೊಡಗಿದ.

"ಕೇಸರಿ ಹಳದಿ ಇರುತ್ತಾ?"

"ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ ರೀ ನಾನು. ಹೂವಿನ ಚಿತ್ರ ತಗದು, ಗೆರಿ ಎಳದು ಬರೀತಿದ್ವಿ: ಇದು ದಳ, ಇದು ಕೇಸರ. ಕೇಸರದಿಂದ ಕೇಸರಿ! ನೀವು ಕಾನ್ವೆಂಟಿನವರು, ನಿಮಗೇನ್ ಗೊತ್ತು."

"ಆದ್ರೆ ಅಂಗಡೀಲಿ ಕೆಂಪಗಿರುತ್ತಲ್ಲ?"

"ಒಣಗಿದ ಮ್ಯಾಲೆ ಕೆಂಪಾಗ್ತಾವ. ಬ್ಯಾಡಗಿ ಮೆಣಸಿನಕಾಯಿ ಗಿಡದಾಗ ಮೊದಲ ಹಸರ ಇರಂಗಿಲ್ಲೇನು?"

ಅವಳು ನಕ್ಕುಬಿಟ್ಟಳು. ಹೇಳಬೇಕೆಂದಿದ್ದ ವಾಕ್ಯವನ್ನು ಆ ನಗು ನುಂಗಿತು. 'ನಿತೀಶ್, ಇದು ಕೇಸರಿ ಅಲ್ಲ.' ನಾಲ್ಕೇ ಪದ. ಹೇಳಿದರೆ ನಾಳೆ ಬಾಗಿಲು ತಟ್ಟಲು ಅವನಿಗೆ ನೆಪವೇ ಇರುವುದಿಲ್ಲ.

"ಕೈ ತೊಳ್ಕೊಳ್ಳಿ," ಎಂದಳು. "ಸೋಪ್ ಹಾಕಿ. ಎರಡು ಸಲ."

"ಆತ್ರಿ ಡಾಕ್ಟ್ರಮ್ಮ."

"ಡಾಕ್ಟರ್ ಅಲ್ಲ, ಫಾರ್ಮಸಿಸ್ಟ್."

"ಬೈಯೂದ್ರಾಗ ಡಾಕ್ಟರೇ."

ಹಳದಿ ಎಳೆಗಳನ್ನು ಅವನು ಸ್ಟೀಲ್ ತಟ್ಟೆಯಲ್ಲಿ ಹರಡಿ, ಇಬ್ಬರೂ ಓಡಾಡುವ ಹಾಲ್‌ನ ಮನೆ ಬೆಚ್ಚಗಿಡುವ ರೇಡಿಯೇಟರ್ ಮೇಲಿಟ್ಟ. ದಿನವೂ ಬಗ್ಗಿ ನೋಡುತ್ತಿದ್ದ. ಅವು ಕಂದಿದವೇ ಹೊರತು ಕೆಂಪಾಗಲಿಲ್ಲ. "ಇದೊಂದಾದ್ರೂ ಆಗಬೇಕಿತ್ರಿ ನನ್ನ ಕೈಯಾಗ," ಎಂದು ಮೆಲ್ಲಗೆ ಅಂದ.

ದೀಪಾವಳಿಯ ಹಿಂದಿನ ದಿನ ಬೆಳಿಗ್ಗೆ ಅವನು ಕೆಲಸಕ್ಕೆ ಹೋದ ಮೇಲೆ ವೇದಾ ಗ್ಲೌಸ್ ಹಾಕಿಕೊಂಡು ತಟ್ಟೆಯನ್ನು ಬರಿದು ಮಾಡಿದಳು. ಉಜ್ಜಿ ಉಜ್ಜಿ ತೊಳೆದಳು. ಅಂಗಡಿಯಿಂದ ತಂದ ಕೇಸರಿಯನ್ನು ಅಷ್ಟೇ ಅಳತೆಗೆ ಹರಡಿದಳು. ಅವನು ಕೊಟ್ಟ ಹೂವಿನ ಮೂರು ಎಳೆಗಳನ್ನೂ ಅದರಲ್ಲೇ ಸೇರಿಸಿದಳು, ಪೂರ್ತಿ ಸುಳ್ಳಾಗದಿರಲಿ ಎಂದು.

ಸಂಜೆ ಹಾಲ್‌ನಿಂದ ಕೂಗು ಬಂತು. "ವೇದಾ ಅವ್ರ, ಬರ್ರಿ! ಲಗೂ ಬರ್ರಿ! ಕೆಂಪಾದ್ವು!"

ತಟ್ಟೆಯನ್ನು ಅವಳ ಮೂಗಿನ ಹತ್ತಿರ ತಂದು ಹಿಡಿದ. ಅವನ ಕಣ್ಣುಗಳು ಒದ್ದೆಯಾಗಿದ್ದವು. "ಹೇಳಿದ್ನಿಲ್ಲೋ?"

"ಹೇಳಿದ್ರಿ," ಎಂದಳು.

ಹಬ್ಬದ ಸಂಜೆ ಅವಳು ಹಸಿರು ರೇಷ್ಮೆ ಸೀರೆ ಉಟ್ಟಳು. ಮೇಲೆ ಹಾಲು ಕಾಯುವ ವಾಸನೆ ಮೆಟ್ಟಿಲಿಳಿದು ಬಂತು. ಏನೂ ಮಾಡಲು ತೋಚದೆ ಮೇಜಿನ ಮೇಲೆ ಎರಡು ಲೋಟ ಇಟ್ಟಳು, ಹೆಚ್ಚಾಯಿತೇನೋ ಎಂದು ಒಳಗಿಟ್ಟಳು, ಮತ್ತೆ ಹೊರತೆಗೆದಳು. ಬಾಗಿಲು ತೆರೆದಾಗ ಅವಳಿಗೆ ಮೊದಲು ಕಂಡದ್ದು ಅವನ ಬೂಟು. ಆಮೇಲೆ ಕೋಟು, ಕೈಯಲ್ಲಿ ಫ್ಲಾಸ್ಕ್.

"ಇಲ್ಫರ್ಡಿಗೆ ಹೊಂಟೀನ್ರಿ. ಧೃತಿ ಕಡೆ."

ಅವಳು ಸೆರಗನ್ನು ಸರಿಮಾಡಿಕೊಂಡಳು.

"ನನ್ನಷ್ಟಕ್ಕ ನಾನೇ ಒಂದು ಪಣ ಕಟ್ಟಿದ್ದೆ ರೀ. ಇವು ಕೆಂಪಾದ್ರ ಹೋಗಿ ಆಕಿನ್ನ ಒಂದ್ಸಲ ಕೇಳೂದು. ಆಗ್ಲಿಲ್ಲಾಂದ್ರ..." ಅವನು ತಲೆ ಎತ್ತಿದ. "ಆಗ್ಲಿಲ್ಲಾಂದ್ರ ಆ ದಾರಿ ಮರತು, ಇಲ್ಲೇ ನಿಮ್ಮ ಜೋಡಿ ಕುಂತು ಬರೇ ಹಾಲು ಕುಡಿಯೂದು. ಖರೆ ಹೇಳ್ಲೇನು? ಆಗಂಗಿಲ್ಲ ಅಂತಾನ ಅನ್ಕೊಂಡಿದ್ದೆ. ಆಗಬಾರ್ದು ಅಂತ ಆಸೆನೂ ಇತ್ತು." ಫ್ಲಾಸ್ಕನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. "ಹೋಗ್ಲೇನ್ರಿ?"

ಅದೇ ನಾಲ್ಕು ಪದ ಹಲ್ಲಿನ ಹಿಂದೆ ಬಂದು ನಿಂತವು. ಆದರೆ ಈಗ ನಾಲ್ಕಕ್ಕೆ ಮುಗಿಯುತ್ತಿರಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದದ್ದು, ಬದಲಾಯಿಸಿದ್ದು, ಅವನ ಕಣ್ಣು ಒದ್ದೆಯಾದಾಗ ಎದುರಿಗೇ ನಿಂತು ನೋಡಿದ್ದು, ಎಲ್ಲವನ್ನೂ ಹೇಳಬೇಕಿತ್ತು.

"ಹಾಲು ಆರಿಹೋಗುತ್ತೆ," ಎಂದಳು. "ಹೋಗ್ಬನ್ನಿ."

ಅವನು ಇನ್ನೊಂದು ಗಳಿಗೆ ನಿಂತಿದ್ದ. ಬೇರೆ ಮಾತಿಗೆ ಕಾದನೋ, ಬೀದಿಬಾಗಿಲ ಚಿಲಕ ಹುಡುಕುತ್ತಿದ್ದನೋ, ಅವಳಿಗೆ ತಿಳಿಯಲಿಲ್ಲ.

ನವೆಂಬರಿನ ಒಂದು ಶನಿವಾರ ಅವನ ಪೆಟ್ಟಿಗೆಗಳು ಮೆಟ್ಟಿಲಿಳಿದವು. ಜೊತೆಗೆ ಧೃತಿ ಬಂದಿದ್ದಳು. ದಣಿದ ಕಣ್ಣಿನ, ನೇರ ನೋಟದ ಹೆಂಗಸು. ಅವನು ಕಾರಿನ ಬಳಿ ಇದ್ದಾಗ ವೇದಾಳ ಹತ್ತಿರ ಬಂದಳು.

"ಅಕ್ಕಾರ, ಒಂದ್ ಮಾತು. ಆ ಕೇಸರಿನ ಇವ್ರು ಅಂಗಡ್ಯಾಗಿಂದ ತಂದಿದ್ದಲ್ಲ, ಹೌದಲ್ಲೋ? ಯಾಕಂದ್ರ ಮದಲ ಭಾಳ ಸುಳ್ಳ ಹೇಳ್ತಿದ್ರು. ಅದಕ್ಕಾ ನಾ ಹೋಗಿದ್ದು."

ವೇದಾ ಪದಗಳನ್ನು ಒಂದೊಂದಾಗಿ ಆರಿಸಿಕೊಂಡಳು. "ಅವರು ಅಂಗಡಿಯಿಂದ ತರಲಿಲ್ಲ. ನಿಮಗೆ ಸುಳ್ಳು ಹೇಳಿಲ್ಲ."

ಧೃತಿಯ ಭುಜ ಸಡಿಲವಾಯಿತು. ವೇದಾಳ ಕೈಯನ್ನು ಒಮ್ಮೆ ಒತ್ತಿ ಹೋದಳು.

"ಕುಂಡಗಳು ಇಲ್ಲೇ ಇರಲಿ, ನನಗೆ ಬೇಕು," ಎಂದು ವೇದಾ ಕೂಗಿ ಹೇಳಿದಳು.

"ನಿಮ್ಮವೇ ರೀ!" ಎಂದ ನಿತೀಶ, ಕಾರಿನ ಕಿಟಕಿಯಿಂದ. ಅವಳ ಕಡೆ ನೋಡಿ ಮಾತ್ರ ನಗಲಿಲ್ಲ.

ಕಾರು ಹೋದ ಮೇಲೆ ಅವಳು ಗೆಡ್ಡೆಗಳನ್ನೆಲ್ಲ ಕಿತ್ತು ಕೌನ್ಸಿಲ್‌ನ ಕಸದ ಬಿನ್ನಿಗೆ ಹಾಕಿದಳು. ಮೈಸೂರಿನಿಂದ ತಂಗಿ ಮಾಳವಿಕಾಳ ಫೋನ್ ಬಂತು.

"ಏನಕ್ಕಾ, ದನಿ ಒಂಥರಾ ಇದೆ? ಏನಾಯ್ತು?"

ಹೇಳಿದರೆ ತಂಗಿ ಅಳುತ್ತಾಳೆ, ಎಂಥ ದೊಡ್ಡ ಮನಸ್ಸು ನಿಂದು ಅನ್ನುತ್ತಾಳೆ. ಮನಸ್ಸು ದೊಡ್ಡದಾಗಿರಲಿಲ್ಲ. ಬಾಗಿಲು ತಟ್ಟುವ ಸದ್ದು ನಿಂತುಹೋದೀತೆಂಬ ಹೆದರಿಕೆ ಇತ್ತು, ಅಷ್ಟೆ. ಹೆದರಿಕೆಗೆ ಹೊಗಳಿಕೆ ಕೇಳಿಸಿಕೊಳ್ಳುವುದು ಅವಳಿಂದಾಗದು. ತಂಗಿಗೂ ಹೇಳುವುದು ಬೇಡ, ಯಾರಿಗೂ ಬೇಡ, ಯಾವತ್ತಿಗೂ ಬೇಡ.

"ಏನಿಲ್ಲ ಕಣೇ," ಎಂದಳು ವೇದಾ. "ಇಲ್ಲಿ ಚಳಿ ಶುರುವಾಯ್ತು."