ನದಿ ದಾಟಿದ ಹ್ಯಾಟು

ಸೇತುವೆ ಮೇಲೆ ನನ್ನ ಕಾರು, ತೊಂಬತ್ತೈದು ಮೈಲಿ ವೇಗ... ಹಿಂದೆ ಗೇಣು ದೂರದಲ್ಲಿ ಕೆಂಪು ಪಿಕಪ್ಪು!

ಪಿಕಪ್ಪು ಓಡಿಸುತ್ತಿದ್ದವನು ರಾಯ್ಸ್ ಟಿಡ್‌ವೆಲ್. ಜಾರ್ಜಿಯಾದ ಒಂದು ಪುಟ್ಟ ಊರಿನ ಟ್ರಾಫಿಕ್ ಪೊಲೀಸ್. ಭಾನುವಾರ, ಡ್ಯೂಟಿ ಇರಲಿಲ್ಲ. ತಲೆ ಮೇಲೆ ಹ್ಯಾಟೂ ಇರಲಿಲ್ಲ.

ಹ್ಯಾಟು ನನ್ನ ಪಕ್ಕದ ಸೀಟಿನಲ್ಲಿತ್ತು.

ಚರ್ಚು ಬಿಟ್ಟ ಜನರೆಲ್ಲ ಬಾರ್ಬೆಕ್ಯೂ ಹೋಟೆಲಿನಲ್ಲಿ ಕೂತಿದ್ದಾಗ ಅವನ ಮೇಜಿನಿಂದಲೇ ಎತ್ತಿಕೊಂಡು ಬಂದಿದ್ದೆ.

ಯಾಕೆ ಅಂತೀರಾ?

ನದಿಯೇ ಎರಡು ರಾಜ್ಯಗಳ ಗಡಿ. ನನ್ನ ಅಕ್ಕ ಡಾರ್ಲಾ ಈಚೆ, ಸೌತ್ ಕ್ಯಾರೊಲಿನಾದಲ್ಲಿ ಬಸ್ ಡ್ರೈವರ್. ಒಮ್ಮೆ ಆಚೆ ಹೋದಾಗ ಟಿಡ್‌ವೆಲ್ ಅವಳ ಕಾರು ತಡೆದ. "ಕೋರ್ಟು ಗೀರ್ಟು ಯಾಕಮ್ಮಾ? ದಂಡ ಇಲ್ಲೇ ಕೊಟ್ಟು ಹೋಗು" ಅಂದ. ಕೊಟ್ಟಳು. ರಸೀದಿ ಕೇಳಿದ್ದಕ್ಕೆ ನಕ್ಕ. ದುಡ್ಡು ಅವನ ಜೇಬಿಗೆ, ಕೇಸು ಮಾತ್ರ ಕೋರ್ಟಿಗೆ! ದಂಡ ಬಾಕಿ ಎಂದು ಜಾರ್ಜಿಯಾದವರು ನಮ್ಮ ರಾಜ್ಯದವರಿಗೆ ಬರೆದರು. ನಮ್ಮವರು ಅವಳ ಲೈಸೆನ್ಸ್ ಅಮಾನತು ಮಾಡಿದರು. ಹತ್ತೊಂಬತ್ತು ವರ್ಷ ಓಡಿಸಿದ ಬಸ್ಸಿನಿಂದ ಇಳಿಸಿದರು.

"ಇನ್ನೊಂದ್ ಸಲ ಕಟ್ಟಿಬಿಡು" ಅಂದೆ.

"ಸತ್ರೂ ಕಟ್ಟಲ್ಲ!"

ಅವಳ ಕಣ್ಣೀರು ನೋಡಿದ ದಿನವೇ ನಿರ್ಧರಿಸಿದೆ... ಇವನನ್ನು ಬಿಡುವುದಿಲ್ಲ.

ಜಾಮೀನು ಮುರಿದು ಓಡಿದವರನ್ನು ಹಿಡಿದು ತರುವುದು ನನ್ನ ಕಸುಬು. ಈ ಸಲ ಓಡುವ ಸರದಿ ನನ್ನದು.

ಸೇತುವೆ ಮುಗಿಯಿತು. ನಮ್ಮ ಕಡೆಯ ಪೀಚ್ ಹಣ್ಣಿನ ಅಂಗಡಿಯ ಹಿಂದೆ ಭಾನುವಾರ ಪೊಲೀಸ್ ಕಾರು ಅಡಗಿರುತ್ತದೆ. ನಮ್ಮೂರ ಮಕ್ಕಳಿಗೂ ಗೊತ್ತು. ಬ್ರೇಕ್ ಒತ್ತಿ ಪಕ್ಕಕ್ಕೆ ಎಳೆದೆ. ಟಿಡ್‌ವೆಲ್ ಬಾಣದ ಹಾಗೆ ಮುಂದೆ ಹೋದ!

ಸೈರನ್! ನಮ್ಮ ಕಡೆಯ ಪೊಲೀಸಿನಾಕೆ ಅವನನ್ನು ನಿಲ್ಲಿಸಿದಳು.

"ಏಯ್, ನಾನೂ ಪೊಲೀಸ್ ಕಣಮ್ಮಾ!"

"ಅದು ಆ ದಡದಲ್ಲಿ ಸಾರ್. ಈ ದಡದಲ್ಲಿ ನೀವು ಬರೀ ಡ್ರೈವರ್."

ಆಕೆ ದಂಡದ ಚೀಟಿ ಬರೆದುಕೊಟ್ಟಳು. ಆಕೆ ಹೋದ ಮೇಲೆ ಅವನು ಅದನ್ನು ಹರಿದು ಎಸೆದ. "ಪಕ್ಕದ ರಾಜ್ಯದ ಚೀಟಿ ನನ್ನೇನ್ ಮಾಡುತ್ತೆ?"

ಅಂಥ ಚೀಟಿಗಳನ್ನು ನೂರಾರು ಜನಕ್ಕೆ ಬರೆದವನು! ಪೊಲೀಸರಿಗೆ ಅದು ತಟ್ಟುವುದಿಲ್ಲ ಅಂದುಕೊಂಡಿದ್ದ.

ನಾಲ್ಕು ತಿಂಗಳು ಕಾದೆ. ದಂಡ ಕಟ್ಟದ್ದಕ್ಕೆ ಬಂದ ನೋಟಿಸ್ ಅವನ ಹಳೆಯ ವಿಳಾಸಕ್ಕೆ ಹೋಯಿತು. ಅಲ್ಲಿರುವುದು ಅವನನ್ನು ಬಿಟ್ಟ ಹೆಂಡತಿ. ಆಕೆ ಓದಿ, ಹೊಟ್ಟೆ ತುಂಬ ನಕ್ಕು, ನಾನು ಮೊದಲೇ ಹೇಳಿಟ್ಟಿದ್ದಂತೆ ನನಗೆ ಫೋನ್ ಮಾಡಿದಳು.

ಅದೇ ಹೋಟೆಲು. ಅದೇ ಮೇಜು. ಹ್ಯಾಟನ್ನು ಅವನ ಮುಂದಿಟ್ಟೆ.

"ನಿನ್ನ ಲೈಸೆನ್ಸ್ ಹೋಗಿ ಹನ್ನೆರಡು ದಿನ ಆಯ್ತು ರಾಯ್ಸ್. ದಿನಾ ಪೊಲೀಸ್ ಕಾರು ಓಡಿಸ್ತಿದ್ದೀಯ. ನಿನ್ನ ಮೇಲಿನವರಿಗೆ ಹೇಳ್ಲಾ? ಇಲ್ಲ ನಮ್ಮಕ್ಕ ಡಾರ್ಲಾ ದಂಡ ನಿನ್ನ ಕೈಗೇ ಕೊಟ್ಟಿದ್ಲು ಅಂತ ಬರೀತೀಯಾ?"

ಅವನ ಕೈ ಪಿಸ್ತೂಲಿನ ಕಡೆ ಹೋಯಿತು.

"ತೆಗಿ... ಊರೇ ನೋಡ್ತಾ ಇದೆ."

ಕೈ ನಿಂತಿತು.

"ಬರೆದ್ರೆ ಬಿಟ್ಬಿಡ್ತೀಯಾ?"

"ನಾನು ಬಿಡ್ತೀನಿ."

ಬರೆದ. ಸಹಿ ಹಾಕಿದ. ನಾನು ಬಿಟ್ಟೆ.

ಡಾರ್ಲಾ ಕೋರ್ಟಿಗೆ ಕೊಟ್ಟ ಆ ಕಾಗದ ಓದಿದ ಜಡ್ಜ್ ಬಿಡಲಿಲ್ಲ! ಡಾರ್ಲಾಳ ಲೈಸೆನ್ಸ್ ವಾಪಸ್ ಬಂತು, ಬಸ್ಸೂ ಬಂತು. ಟಿಡ್‌ವೆಲ್‌ನ ಕೆಲಸ ಹೋಯಿತು.

ಈಗ ಅವನು ನದಿಯ ಈಚೆಯ ಟೈರ್ ಅಂಗಡಿಯಲ್ಲಿ ದುಡಿಯುತ್ತಾನೆ. ಕಾರು ಓಡಿಸುವ ಹಾಗಿಲ್ಲ. ಇರುವುದೊಂದೇ ಬಸ್ಸು. ದಿನಾ ಬೆಳಿಗ್ಗೆ ತಲೆ ತಗ್ಗಿಸಿ ಹತ್ತುತ್ತಾನೆ, ಚಿಲ್ಲರೆ ಹಾಕುತ್ತಾನೆ. ಡಾರ್ಲಾ ಟಿಕೆಟ್ ಹರಿದು ಅವನ ಕೈಗೇ ಇಡುತ್ತಾಳೆ.

"ರಸೀದಿ ಜೋಪಾನ ಸಾರ್... ಕಾಲ ಕೆಟ್ಟಿದೆ!"