ಅರ್ಧಕ್ಕೆ ನಿಂತ ಬಳ್ಳೊಳ್ಳಿ ಜಡೆ

"ಮುಟ್ಟಬ್ಯಾಡ ಅದನ್ನ!"

ಅಮೂಲ್ಯಾಳ ಕೈ ಗಾಳಿಯಲ್ಲೇ ನಿಂತಿತು. ಮಸ್ಕಿಯಿಂದ ಗುರುಗುಂಟಾಕ್ಕೆ ಮದುವೆಯಾಗಿ ಬಂದವಳ ಕಾಲಿನ ಅರಿಶಿಣ ಇನ್ನೂ ಮಾಸಿರಲಿಲ್ಲ. ಒಗ್ಗರಣೆಗೆಂದು ತೊಲೆಗೆ ತೂಗುಬಿಟ್ಟ ಬೆಳ್ಳುಳ್ಳಿಗೆ ಕೈಚಾಚಿದ್ದಳು, ಅಷ್ಟೇ. ಅದಕ್ಕೆ ಗಂಡ ಚನ್ನವೀರ ಹೀಗೆ ಚೀರುವುದೇ!

ಒಣ ದಂಟುಗಳನ್ನು ಹೆಣೆದ ಉದ್ದನೆಯ ಜಡೆ ಅದು. ಮೇಲ್ತುದಿ ಮಾತ್ರ ಹೆಣೆಯದೇ ಉಳಿದಿತ್ತು. ಬಿಡಿ ದಂಟುಗಳನ್ನು ಹಸಿರು ಸೀರೆಯ ಅಂಚಿನಿಂದ ಬಿಗಿದು ತೂಗುಹಾಕಿದ್ದರು.

"ಶಿವಕುಮಾರಿ ಹೆಣದಿದ್ದವ್ವಾ," ಎಂದಳು ಕೂಗು ಕೇಳಿ ಬಂದ ಪಕ್ಕದ ಮನೆಯ ಗದ್ದೆಮ್ಮ. "ಹಾಸಿಗ್ಯಾಗ ಕುಂತ ಹೆಣದ್ಲು. ಮುಗಸೂದ್ರಾಗ ಹೋಗಿಬಿಟ್ಲು, ಪಾಪ."

ಶಿವಕುಮಾರಿ... ಬೇಸಿಗೆಯಲ್ಲಿ ತೀರಿಕೊಂಡ ಮೊದಲ ಹೆಂಡತಿ! ಮದುವೆಯ ದಿನ ರೂಢಿಯಂತೆ ಅವಳ ಹೆಸರಲ್ಲಿ ಅಮೂಲ್ಯಾಳ ಕೊರಳಿಗೆ ಕಟ್ಟಿದ್ದ ಪುಟ್ಟ ತಾಳಿ ಎದೆಗೆ ತಣ್ಣಗೆ ತಾಕಿತು.

ಅಂದಿನಿಂದ ಶುರುವಾಯಿತು ನೋಡಿ. ರೊಟ್ಟಿ ಬಡಿಯುವಾಗ ಬೆನ್ನ ಹಿಂದೆ ಸರಸರ ಸದ್ದು. ಗಾಳಿಯೂ ಇಲ್ಲ, ಇಲಿಯೂ ಇಲ್ಲ. ತಿರುಗಿದರೆ ಆ ಜಡೆ ಮೆಲ್ಲಗೆ ಅಲ್ಲಾಡುತ್ತಿತ್ತು.

ಚನ್ನವೀರನೋ, ಹೊಲಕ್ಕೆ ಹೋಗುವ ಮುಂಚೆ ಅದರ ಮುಂದೆ ನಿಲ್ಲುತ್ತಿದ್ದ. ಅಮೂಲ್ಯಾಳ ಮುಖ ನೋಡುತ್ತಿರಲಿಲ್ಲ.

'ಈ ಮನ್ಯಾಗ ಆಕಿನ ಅದಾಳ. ನನಗ ಜಾಗಾ ಎಲ್ಲೈತಿ?' ಅಮೂಲ್ಯಾ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು.

ಒಂದು ಮುಂಜಾನೆ ಅವಳ ತಾಳ್ಮೆಯ ಕಟ್ಟೆ ಒಡೆಯಿತು. ಕೈಯಲ್ಲಿ ಬಟ್ಟೆಯ ಚೀಲ, ಕಣ್ಣಲ್ಲಿ ನೀರು.

"ನೀವು ಆಕಿ ಕೂಡನ ಸಂಸಾರ ಮಾಡ್ರಿ! ನಾ ಮಸ್ಕಿ ಬಸ್ ಹತ್ತತೀನಿ!"

ಹಾಗೆಂದವಳೇ ಜಡೆಯನ್ನು ಹಿಡಿದು ಜಗ್ಗಿದಳು. ದಂಟು ಪಟಕ್ಕನೆ ಮುರಿಯಿತು. ಗಡ್ಡೆಗಳು ನೆಲದ ತುಂಬ ಉರುಳಿದವು.

ಚನ್ನವೀರ ಬೈಯಲಿಲ್ಲ. ಮೊಣಕಾಲೂರಿ ಕುಸಿದು ಮಗುವಿನಂತೆ ಅತ್ತುಬಿಟ್ಟ.

"ಬೀಜಕ್ಕ ಇಡ್ರಿ ಅಂದಿದ್ಲು... 'ನನ್ನ ಹಿಂದ ಬರೋ ತಂಗಿ ಕೈಲೆ ಬಿತ್ತಸ್ರಿ' ಅಂದಿದ್ಲು. ಜಡಿ ಬಿಚ್ಚಿದ್ರ ಆಕಿ ಖರೇನ ಹೋಗಿಬಿಡ್ತಾಳ ಅನ್ನೋ ಅಂಜಿಕಿ ನನಗ. ನಿನಗ ಹೆಂಗ ಹೇಳ್ಲಿ ಅಮೂಲ್ಯಾ?"

ತಂಗಿ! ಇಷ್ಟು ದಿನ ಬೆನ್ನ ಹಿಂದೆ ನಿಂತವಳು ತನ್ನನ್ನು ಓಡಿಸಲಲ್ಲ, ಕರೆಯಲು ಬಂದಿದ್ದಳೇ?

ಅಮೂಲ್ಯಾ ಕುಕ್ಕುರುಗಾಲಲ್ಲಿ ಕುಳಿತು ಒಂದು ಗಡ್ಡೆ ಒಡೆದಳು. ಎಸಳಿನ ತುದಿಯಲ್ಲಿ ಹಸಿರು ಇಣುಕುತ್ತಿತ್ತು.

"ನೋಡ್ರಿ, ಮೊಳಕಿ ಒಡದಾವ! ಇನ್ನ ತೂಗ ಹಾಕಿದ್ರ ಜೊಳ್ಳಾಗ್ತಾವ. ಭೂಮಿ ಹದಾ ಐತಿ, ಏಳ್ರಿ."

ಬಟ್ಟೆಯ ಚೀಲ ಬಾಗಿಲಲ್ಲೇ ಉಳಿಯಿತು. ಇಬ್ಬರೂ ಹೊಲದಲ್ಲಿ ಒಂದೊಂದೇ ಎಸಳು ಊರಿದರು. ಆ ಹಸಿರು ಅಂಚನ್ನು ಅಮೂಲ್ಯಾ ಜೋಪಾನವಾಗಿ ಎತ್ತಿಟ್ಟಳು.

ಶಿವರಾತ್ರಿ ಕಳೆದ ಮೇಲೆ ಕಿತ್ತ ಬೆಳ್ಳುಳ್ಳಿಯನ್ನು ನೆರಳಲ್ಲಿ ಬಾಡಿಸಿ, ಅಮೂಲ್ಯಾ ಹೊಸ ಜಡೆ ಹೆಣೆದಳು. ಕೊನೆಯ ದಂಟುಗಳಿಗೆ ಬಂದಾಗ ಕೈ ನಿಲ್ಲಿಸಿದಳು.

"ಯಾಕ ಬಿಟ್ಟಿ?" ಚನ್ನವೀರ ಕೇಳಿದ.

"ಇದು ಅಕ್ಕ ಬಿಟ್ಟುಹೋದ ಪಾಲು. ನೀವ ಮುಗಸ್ರಿ."

ಚನ್ನವೀರ ತುದಿಯವರೆಗೂ ಹೆಣೆದ. ಹಸಿರು ಅಂಚಿನಿಂದ ಗಂಟು ಹಾಕಿ ತೊಲೆಗೆ ತೂಗುಬಿಟ್ಟ. ಗಾಳಿಯಿಲ್ಲದ ಅಡುಗೆಮನೆಯಲ್ಲಿ ಜಡೆ ಒಮ್ಮೆ ಸರಕ್ಕೆಂದಿತು. ಅಮೂಲ್ಯಾ ಈ ಸಲ ಬೆಚ್ಚಲಿಲ್ಲ.

"ಈಗರೆ ಮುಟ್ಟಬಹುದೇನ್ರಿ?"

"ಬರೇ ಜಡಿ ಅಷ್ಟನಾ?" ಅವನು ಮೊದಲ ಬಾರಿಗೆ ಅವಳ ಕಣ್ಣಲ್ಲಿ ಕಣ್ಣಿಟ್ಟ.

"ಸುಮ್ನಿರ್ರಿ... ಅಕ್ಕ ನೋಡಾಕತ್ಯಾಳ!"

"ನೋಡ್ಲಿ ಬಿಡು. ನಿನ್ನ ಕರಸಿದಾಕಿನ ಆಕಿ."