ಯಮುನಾ ಕಂಡ ಸಿಂಗಾಪುರ

ಯಮುನಾ ಸಿಂಗಾಪುರದ ಪೇಟೆ ಬೀದಿಯಲ್ಲಿ ಒಬ್ಬಳೇ ರಸ್ತೆ ದಾಟಲು ನಿಂತಾಗ, ಅಲ್ಲಿನ ಪೊಲೀಸರು ದೇಶದ ವಾಹನಗಳನ್ನೆಲ್ಲ ತಡೆದು ಅವಳಿಗೆ ಸೆಲ್ಯೂಟ್ ಹೊಡೆದರು! ಮೇಲೆ ಹಾರುತ್ತಿದ್ದ ವಿಮಾನವೂ ಒಂದು ಗಳಿಗೆ ನಿಂತಿತು...

ಹಾಗೆಂದು ಹೇಳಿದವಳು ಯಮುನಾಳೇ. ಅದು 2004ನೇ ಇಸವಿ. ಗರುಡಾಚಾರ್‌ಪಾಳ್ಯದ ಗಾರ್ಮೆಂಟ್ಸ್ ಕಾರ್ಖಾನೆಯ ಊಟದ ಶೆಡ್ಡಿನಲ್ಲಿ ಹೊಲಿಗೆ ಲೈನಿನ ಹೆಂಗಸರೆಲ್ಲ ಮುದ್ದೆ ಮುರಿಯುವುದನ್ನೂ ಮರೆತು ಕೇಳುತ್ತಿದ್ದರು.

"ಸಾಕು ಬಿಡೇ, ವಿಮಾನ ಕೆಳಗ್ಬಿದ್ದೀತು!" ಎಂದಳು ಗೆಳತಿ ಸುಕನ್ಯ.

"ಹೊಟ್ಟೆಕಿಚ್ಚು ನಿಂಗೆ! ಊರ ನಡುವೆ ಕೆರೆ ಕಣೇ, ಸಮುದ್ರದಷ್ಟು. ದಡದಲ್ಲಿ ಒಬ್ಬ ಅಜ್ಜಿ ಮುರುಕು ಮಾರ್ತಾಳೆ. ಏನು ಗತ್ತು ಅಂತೀಯ! ಚೌಕಾಸಿ ಮಾಡಿದ್ರೆ ತಮಿಳಲ್ಲಿ ಶುರು ಮಾಡಿ ಉರ್ದೂಲಿ ಬೈದು ಮುಗಿಸ್ತಾಳೆ. ಮಿಲ್ಟ್ರಿಯವ್ರೂ ಕೈಕಟ್ಟಿ ನಿಲ್ತಾರೆ. ಆ ಊರಿಗೆ ಅವಳೇ ರಾಣಿ!"

ಗೋಡೆಗೊರಗಿ ಕುಳಿತಿದ್ದ ಯುವಕನೊಬ್ಬ ಥಟ್ಟನೆ ತಲೆಯೆತ್ತಿದ. ಬಟ್ಟೆ ಕತ್ತರಿಸುವ ವಿಭಾಗಕ್ಕೆ ಹೊಸದಾಗಿ ಸೇರಿದ್ದ ಮುರಳಿ, ಹಲಸೂರಿನವನು.

"ರೀ... ಆ ಅಜ್ಜಿಗೆ ಮೂಗಿನ ಎರಡೂ ಕಡೆ ಮೂಗುಬೊಟ್ಟು ಇತ್ತಾ?"

ಯಮುನಾಳ ತುತ್ತು ಕೈಯಲ್ಲೇ ಉಳಿಯಿತು. ಇತ್ತು!

"ಏನಪ್ಪಾ, ನೀನೂ ಸಿಂಗಾಪುರದೋನಾ?" ಎಂದು ಸುಕನ್ಯ ಕೇಳಿದಳು. ಶೆಡ್ಡೆಲ್ಲ ನಕ್ಕಿತು. ಮುರಳಿಯೂ ನಕ್ಕು ಸುಮ್ಮನಾದ.

ಅವನ ನಗು ಯಮುನಾಳನ್ನು ಚುಚ್ಚಿತು. 'ನಾನು ಕಂಡ ಸಿಂಗಾಪುರ ಹಲಸೂರು ಅಂತ ಇವನಿಗೆ ಗೊತ್ತಾಗಿಹೋಯ್ತು! ಎಲ್ಲರಿಗೂ ಹೇಳ್ತಾನೆ. ಆಮೇಲೆ ಲೈನಲ್ಲಿ ತಲೆ ಎತ್ತೋದು ಹ್ಯಾಗೆ?'

ಅಂದಿನಿಂದ ಅವನು ಎದುರಾದರೆ ಅವಳು ದಾರಿ ಬದಲಿಸಿದಳು. ಯಾರಾದರೂ ಕಥೆ ಕೇಳಿದರೆ ಕೆಮ್ಮಿದಳು. ಸಿಂಗಾಪುರ ಭೂಪಟದಿಂದಲೇ ಮಾಯವಾಯಿತು.

ಶನಿವಾರ ಕೆಲಸ ಬಿಟ್ಟಾಗ ಅವನು ಗೇಟಿನ ಬಳಿ ಕಾದಿದ್ದ.

"ಯಮುನಾ ಅವ್ರೇ, ಕಥೆ ಯಾಕೆ ನಿಲ್ಲಿಸಿಬಿಟ್ರಿ?"

"ಎಲ್ಲರಿಗೂ ಹೇಳ್ಬಿಡಿ ರೀ! ಹೀಗೆ ಕಾಯಿಸಿ ಕಾಯಿಸಿ ಯಾಕೆ ಕೊಲ್ತೀರಾ?"

"ಏನಂತ ಹೇಳ್ಲಿ? ಆ ಮುರುಕಿನ ವೆಂಕಟಮ್ಮ ನಮ್ಮಜ್ಜಿ ಅಂತಾನಾ? ಅದನ್ನ ನಾನೇ ಇಲ್ಲಿ ಯಾರಿಗೂ ಹೇಳಿಲ್ಲ... ನಾಚಿಕೆ ಆಗ್ತಿತ್ತು. ನೀವು ಅವಳನ್ನ ರಾಣಿ ಅಂದ್ರಿ. ಅವತ್ತಿಂದ ಊಟದ ಬೆಲ್ಲಿಗೆ ಕಾಯ್ತೀನಿ. ಕಥೆಗಲ್ಲ ರೀ... ನಿಮಗೆ."

ವಿಮಾನ ನಿಲ್ಲಿಸಿದ ಬಾಯಿ ಮೊದಲ ಸಲ ನಿಜ ನುಡಿಯಿತು.

"ದೊಡ್ಡಮ್ಮನ ಜೊತೆ ಟೂರಿಗೆ ಹೊರಟಿದ್ದೆ. ಕೊನೇ ಗಳಿಗೇಲಿ ನನಗೆ ವೀಸಾ ಸಿಗ್ಲಿಲ್ಲ, ಅವ್ರಷ್ಟೇ ಹೋದ್ರು. ಲೈನಿನವ್ರೆಲ್ಲ ಹೂ ಮುಡಿಸಿ ಕಳಿಸಿದ್ರು... ಯಾವ ಮುಖ ಹೊತ್ಕೊಂಡು ವಾಪಸ್ ಬರ್ಲಿ? ಜೋಗುಪಾಳ್ಯದಲ್ಲಿ ದೊಡ್ಡಮ್ಮನ ಮನೇಲೇ ಬಚ್ಚಿಟ್ಕೊಂಡಿದ್ದೆ. ಒಂದಿನ ತಡೀಲಾರದೆ ಕಮರ್ಷಿಯಲ್ ಸ್ಟ್ರೀಟು, ಕೆರೆ ಎಲ್ಲ ಸುತ್ತಿದೆ."

"ಮಜವಾಗಿತ್ತಾ?"

"ಇಲ್ಲ ರೀ. ಅಷ್ಟು ಜನದಲ್ಲಿ ನಾನೊಬ್ಬಳೇ. ಮಾತಾಡಿಸಿದ್ದು ನಿಮ್ಮಜ್ಜಿ ಮಾತ್ರ. 'ಊಟ ಮಾಡಿದ್ಯಾ ಮಗಳೇ' ಅಂದ್ರು. ಬೈದಿದ್ದೆಲ್ಲ ನಾನು ಕಟ್ಟಿದ್ದು."

"ಬೈಗುಳ ಸುಳ್ಳಲ್ಲ ಬಿಡಿ, ನಂಗೆ ದಿನಾ ಬೀಳುತ್ತೆ," ಎಂದ ಮುರಳಿ. ಆಮೇಲೆ ಮೆಲ್ಲಗೆ ಕೇಳಿದ, "ನಾಳೆ ನಮ್ಮನೆಗೆ ಊಟಕ್ಕೆ ಬರ್ತೀರಾ?"

"ಯಾರು ಅಂತ ಅಜ್ಜಿ ಕೇಳಿದ್ರೆ?"

"ನೀವೇ ಹೇಳಿ... ಇದ್ದದ್ದು ಇದ್ದ ಹಾಗೆ."

ಅವಳು ತಲೆ ತಗ್ಗಿಸಿದಳು. "ಮುರಳಿ ಅಂದ್ರೆ ನಂಗಿಷ್ಟ ಅಂತೀನಿ... ಅದಕ್ಕೆ ಒಂದಿಷ್ಟೂ ಬಣ್ಣ ಹಚ್ಚಿಲ್ಲ ರೀ."